ಹೊಟ್ಟೆಯೊಳಗೆ ಗುಟ್ಟಿಡದ ಬೀಗ

ಬೆಳಗಿನ ಐದೂವರೆ. ಆಸ್ಪತ್ರೆಯ ಮೂರನೇ ಮಹಡಿಯ ಓಣಿಯಲ್ಲಿ ಒರೆಸಿದ ನೆಲ ಇನ್ನೂ ಆರಿಲ್ಲ. ಕಿಟಕಿಯಾಚೆ ಆಕಾಶ ಈಗಷ್ಟೇ ಕಣ್ಣುಜ್ಜಿಕೊಳ್ಳುತ್ತಿದೆ. ಮಕ್ಕಳ ವಾರ್ಡಿನ ಬಾಗಿಲ ಪಕ್ಕದಲ್ಲಿ ಆಳೆತ್ತರದ ಔಷಧಿ ಕಪಾಟು. ಅದರ ಮುಂದೆ ನರೆಗೂದಲಿನ ಹೆಂಗಸೊಬ್ಬರು ನಿಂತಿದ್ದಾರೆ. ಒಂದು ಗಳಿಗೆ ಕಣ್ಣುಮುಚ್ಚಿ, ತುಟಿಯಲ್ಲೇ ಏನೋ ಬೇಡಿಕೊಂಡು, ಆಮೇಲೆ ಕಪಾಟಿನ ಗುಂಡಿಗಳನ್ನು ಒತ್ತತೊಡಗುತ್ತಾರೆ. ಹನ್ನೊಂದು ಅಕ್ಷರದ ಪಾಸ್‌ವರ್ಡ್. ಹತ್ತು ಸರಿ, ಕೊನೆಯದೊಂದು ಬೇಕೆಂದೇ ತಪ್ಪು. ಕೆಂಪು ದೀಪ ಹತ್ತುತ್ತದೆ. ಅವರ ಮುಖ ಅರಳುತ್ತದೆ.

“ಬೇಡ ಅಂದ್ಯಾ? ಜಾಣ ನೀನು,” ಎಂದು ಕಪಾಟಿನ ಬೆನ್ನು ತಟ್ಟುತ್ತಾರೆ.

ಪಾಳಿ ಮುಗಿಸಿ ಹೊರಟ ಹಿರಿಯ ದಾದಿ ನಿಂತು ನಗುತ್ತಾರೆ. “ಬೀಗ ತೆಗೆದ್ರೆ ಖುಷಿಪಡೋರನ್ನ ನೋಡಿದೀನಿ. ತೆಗೀದೆ ಇದ್ರೆ ಹಿಗ್ಗೋಳು ಲೋಕದಲ್ಲಿ ನೀನೊಬ್ಬಳೇ ಕಣೇ.”

“ನಿನ್ನ ಮನೆ ಬಾಗಿಲು ಕಂಡಕಂಡೋರಿಗೆಲ್ಲ ತೆಗೆದ್ರೆ ನೀನು ಹಿಗ್ತೀಯಾ? ಹೋಗು, ಹೋಗಿ ಮಲಗು.”

ಆಸ್ಪತ್ರೆಗೆಲ್ಲ ಅವರು ಬೀಗದಕ್ಕ. ಅರವತ್ನಾಲ್ಕು ಕಪಾಟುಗಳು, ಅವನ್ನು ತೆರೆಯುವ ಹಕ್ಕಿರುವ ಮುನ್ನೂರ ಹನ್ನೆರಡು ಮಂದಿ, ದಿನಕ್ಕೆ ಹತ್ತಿರ ಹತ್ತಿರ ಐದು ಸಾವಿರ ಸಲ ತೆರೆದು ಮುಚ್ಚುವ ಬಾಗಿಲುಗಳು. ಒಳಗಿರುವುದರಲ್ಲಿ ಜೀವ ಉಳಿಸುವ ಮದ್ದುಂಟು. ತಪ್ಪು ಕೈಗೆ ಸಿಕ್ಕರೆ ಜೀವ ತೆಗೆಯುವ ಮದ್ದೂ ಉಂಟು. ನಡುವೆ ಇರುವುದು ಉಗುರಿನಷ್ಟಗಲದ ಒಂದು ಕಂಪ್ಯೂಟರ್ ಚಿಪ್ಪು, ಅದರೊಳಗೆ ಅಕ್ಕ ಬರೆದಿಟ್ಟ ಒಂಬೈನೂರು ಸಾಲಿನ ಪ್ರೋಗ್ರಾಂ.

ಅಕ್ಕ ಇಲ್ಲಿಗೆ ಬಂದದ್ದು ಇಪ್ಪತ್ಮೂರರ ವಯಸ್ಸಿನಲ್ಲಿ, ತೂಕದ ಯಂತ್ರ, ರಕ್ತದೊತ್ತಡದ ಯಂತ್ರಗಳ ರಿಪೇರಿಗೆ. ಈಗ ಐವತ್ತೆರಡು. ನೆಲಮಾಳಿಗೆಯ ಅದೇ ಕೋಣೆ, ಪಕ್ಕದ ಗೋಡೆಯಾಚೆ ಬಟ್ಟೆ ಒಗೆಯುವ ಯಂತ್ರಗಳ ಗುಡುಗುಡು, ಒಂದು ಕಾಲಿನ ಕೆಳಗೆ ಇಟ್ಟಿಗೆ ಕೊಟ್ಟ ಮೇಜು. ಕೆಲಸ ಖಾಯಂ ಅಲ್ಲ, ವರ್ಷವರ್ಷದ ಕರಾರು. ಎರಡು ಸಲ ಕರಾರು ತಪ್ಪಿ ಮನೆಯಲ್ಲಿ ಕೂತದ್ದೂ ಇದೆ; ಆಗ ದರ್ಜಿ ಗಂಡನ ಹೊಲಿಗೆ ಯಂತ್ರವೊಂದೇ ಸಂಸಾರ ಎಳೆಯಿತು. ಸಿ ಎಂಬ ಕಂಪ್ಯೂಟರ್ ಭಾಷೆಯನ್ನು ಅಕ್ಕ ಕಲಿತದ್ದು ನಲವತ್ತು ದಾಟಿದ ಮೇಲೆ, ಯಂತ್ರಗಳ ಜೊತೆ ಬಂದ ಕೈಪಿಡಿಗಳನ್ನು ಓದಿ.

“ಬೇರೆ ಭಾಷೆಗಳು ಅಮ್ಮನ ಥರ, ಎಡವೋ ಮುಂಚೆ ಕೈ ಹಿಡೀತವೆ. ಇದು ಹಾಗಲ್ಲ. ಪ್ರತಿ ಅಕ್ಷರಕ್ಕೂ ಜಾಗ ನಾವೇ ಅಳೆದು ಕೊಡಬೇಕು. ಅಳತೆ ತಪ್ಪಿದ್ರೆ ಬಾಯಿ ಬಿಡಲ್ಲ, ಹೇಳಿದ್ದನ್ನ ಮಾಡ್ಕೊಂಡು ಹೋಗ್ತಾ ಇರುತ್ತೆ. ಆದ್ರೆ ಈ ಚಿಪ್ಪಿನ ಪುಟ್ಟ ಹೊಟ್ಟೆಗೆ ಹಿಡಿಸೋದು ಇದೊಂದೇ.”

ಬೀಗದ ಕೆಲಸಕ್ಕೆ ಕೈಹಾಕಿದ್ದಕ್ಕೆ ಒಂದು ಕಾರಣವಿದೆ. ಐದು ವರ್ಷದ ಹಿಂದೆ ಹಳೆಯ ಕಪಾಟೊಂದು ಕೆಟ್ಟಾಗ ಅದರ ನೆನಪಿನ ಚಿಪ್ಪನ್ನು ಬಿಚ್ಚಿ ನೋಡಿದರು. ಎಲ್ಲರ ಪಾಸ್‌ವರ್ಡ್‌ಗಳೂ ಒಣಹಾಕಿದ ಬಟ್ಟೆಯಂತೆ ಸಾಲಾಗಿ ಕಣ್ಣಿಗೆ ಬಿದ್ದವು. ಅದರಲ್ಲಿ ಒಬ್ಬ ದಾದಿಯದು, ಒಂದು ಮಗುವಿನ ಹೆಸರು. ಆ ದಾದಿಯ ಕೂಸು ಹುಟ್ಟಿದ ದಿನವೇ ಹೋಗಿತ್ತೆಂದು ಎಲ್ಲರಿಗೂ ಗೊತ್ತಿತ್ತು. ಅದಕ್ಕೊಂದು ಹೆಸರಿಟ್ಟಿದ್ದರೆಂದು ಯಾರಿಗೂ ಗೊತ್ತಿರಲಿಲ್ಲ.

“ಯಾರೋ ದೇವರ ಮುಂದೆ ಕಣ್ಣೀರಿಡ್ತಿರೋವಾಗ ನಾನು ಬಾಗಿಲು ತಳ್ಳಿ ನುಗ್ಗಿದ ಹಾಗಾಯ್ತು,” ಎನ್ನುತ್ತಾರೆ ಅಕ್ಕ. ಅವತ್ತೇ ಹೋಗಿ ತಪ್ಪೊಪ್ಪಿಕೊಂಡರಂತೆ. ಆ ತಾಯಿ ಅಕ್ಕನ ಕೈ ಹಿಡಿದು, “ಇನ್ನೊಬ್ಬರಾದ್ರೂ ಆ ಹೆಸರು ಓದಿದ್ರಲ್ಲ ಅಕ್ಕಾ,” ಅಂದರಂತೆ. ಅವರ ಒಪ್ಪಿಗೆ ಪಡೆದೇ ಅಕ್ಕ ಈ ಮಾತು ಹೇಳುತ್ತಿರುವುದು. ಹೆಸರು ಮಾತ್ರ ಇಂದಿಗೂ ಬಾಯಿಂದ ಹೊರಬಿದ್ದಿಲ್ಲ.

ಅಂದಿನಿಂದ ಹಟ. ಗುಟ್ಟನ್ನು ಇಟ್ಟುಕೊಳ್ಳದೆಯೇ ಗುಟ್ಟನ್ನು ಗುರುತಿಸುವ ಬೀಗ ಬೇಕು. ಅದು ಹೇಗೆಂದರೆ, ಅಕ್ಕ ಬೀಸುವ ಕಲ್ಲಿನ ಲೆಕ್ಕ ಹೇಳುತ್ತಾರೆ. “ಪಾಸ್‌ವರ್ಡ್ ಅನ್ನೋದು ಕಾಳು. ಬೀಸಿ ಹಿಟ್ಟು ಮಾಡಿ ಹಿಟ್ಟನ್ನಷ್ಟೇ ಇಟ್ಕೋತೀನಿ. ಹಿಟ್ಟು ಕದ್ದೋನಿಗೆ ಕಾಳು ಸಿಗಲ್ಲ. ನಾಳೆ ನೀವು ಅದೇ ಕಾಳು ತಂದ್ರೆ ಮತ್ತೆ ಬೀಸಿ, ಹಿಟ್ಟಿಗೆ ಹಿಟ್ಟು ಹೋಲಿಸ್ತೀನಿ. ಆದ್ರೆ ಇಬ್ಬರು ಒಂದೇ ಕಾಳು ತಂದ್ರೆ ಹಿಟ್ಟೂ ಒಂದೇ ಆಗಿ ಗುಟ್ಟು ರಟ್ಟಾಗುತ್ತೆ. ಅದಕ್ಕೆ ಒಬ್ಬೊಬ್ಬರಿಗೆ ಒಂದೊಂದು ಬೇರೆ ಚಿಟಿಕೆ ಉಪ್ಪು ಬೆರೆಸಿ ಬೀಸೋದು. ಉಪ್ಪು ಅನ್ನೋದು ನಾನಿಟ್ಟ ಹೆಸರಲ್ಲ, ಈ ಕಸುಬಿನಲ್ಲೇ ಹಾಗನ್ನೋದು.” ಹೀಗೆ ಬೀಸುವುದು ಒಂದು ಸಲವಲ್ಲ, ಇಪ್ಪತ್ತು ಸಾವಿರ ಸಲ. ಎರಡು ರೆಪ್ಪೆ ಬಡಿಯುವಷ್ಟು ಹೊತ್ತು ಕಪಾಟು ಸುಮ್ಮನಿದ್ದು, ಆಮೇಲೆ ತೆರೆದುಕೊಳ್ಳುತ್ತದೆ. ಮರೆತವರು ಬಂದು, “ಅಕ್ಕಾ, ನನ್ನ ಪಾಸ್‌ವರ್ಡ್ ಏನಿತ್ತು ಹೇಳು,” ಎಂದು ಗೋಗರೆದರೆ, “ದೇವರಾಣೆ ನನಗೂ ಗೊತ್ತಿಲ್ಲ, ಬೀಗಕ್ಕೂ ಗೊತ್ತಿಲ್ಲ,” ಎಂದು ಎರಡೂ ಕೈ ಬಿಡಿಸಿ ತೋರಿಸುತ್ತಾರೆ.

ನಾಲ್ಕು ವರ್ಷ ಹೀಗೆ ನಡೆಯಿತು. ಕಳೆದ ತಿಂಗಳು ಶಸ್ತ್ರಚಿಕಿತ್ಸೆ ವಿಭಾಗದ ದಾದಿಯೊಬ್ಬರು ಊಟದ ಹೊತ್ತಿಗೆ ಸಿಕ್ಕು, “ನಿನ್ನ ಬೀಗಕ್ಕೆ ನನ್ನ ಮೇಲೆ ಪ್ರೀತಿ ಅಕ್ಕಾ. ಅವಸರದಲ್ಲಿ ಕೊನೆಗೆ ಏನು ಒತ್ತಿದ್ರೂ ತೆಗೀತದೆ,” ಅಂದರು. ಅಕ್ಕನ ಕೈಯ ತುತ್ತು ಕೈಯಲ್ಲೇ ಉಳಿಯಿತು.

ಕೆಳಗೆ ಹೋಗಿ ಒಂಬೈನೂರು ಸಾಲನ್ನೂ ಬೆರಳಿಟ್ಟು ಓದಿದರು. ತಪ್ಪು ಸಿಕ್ಕಿತು, ಒಂದೇ ಪದದಲ್ಲಿ. ಪಾಸ್‌ವರ್ಡ್ ಎಷ್ಟುದ್ದವಿದೆ ಎಂದು ಅಳೆಯಬೇಕಾದಲ್ಲಿ, ಅದು ಎಲ್ಲಿದೆ ಎಂದು ತೋರಿಸುವ ಗುರುತಿನ ಉದ್ದವನ್ನು ಅಳೆದಿದ್ದರು. “ಮನೆ ಅಳೀರಿ ಅಂದ್ರೆ ವಿಳಾಸದ ಚೀಟಿ ಅಳೆದ ಹಾಗೆ. ಚೀಟಿ ಯಾವಾಗಲೂ ನಾಲ್ಕೇ ಅಕ್ಷರದಗಲ. ಅರಮನೆಯಾದ್ರೂ ಅಷ್ಟೇ, ಗುಡಿಸಲಾದ್ರೂ ಅಷ್ಟೇ.” ಅಂದರೆ ನಾಲ್ಕು ವರ್ಷದಿಂದ ಬೀಗ ನೋಡುತ್ತಿದ್ದದ್ದು ಮೊದಲ ನಾಲ್ಕು ಅಕ್ಷರ ಮಾತ್ರ. ಅಕ್ಕ ಪರೀಕ್ಷೆ ಮಾಡಿರಲಿಲ್ಲವೆಂದಲ್ಲ. “ತಪ್ಪು ಅಂದ್ರೆ ಪೂರ್ತಿ ತಪ್ಪನ್ನೇ ಕೊಟ್ಟು ನೋಡಿದ್ದೆ. ಮುಕ್ಕಾಲು ಸರಿಯಿರೋ ತಪ್ಪು ನನ್ನ ತಲೆಗೇ ಬರಲಿಲ್ಲ.”

ಅದೇ ವಾರ ಮುಖ್ಯ ವೈದ್ಯರ ಮೇಜಿನ ಮೇಲೆ ಸಿದ್ಧ ಕಪಾಟು ಮಾರುವ ಕಂಪನಿಯೊಂದರ ಪತ್ರ ಕೂತಿತ್ತು. ಪಕ್ಕದಲ್ಲೇ ಅಕ್ಕನ ಕರಾರಿನ ಕಾಗದ. ತಪ್ಪು ಬಯಲಾದರೆ ಅಕ್ಕನ ಬೀಗವೂ ಹೋಗಬಹುದು, ಕೆಲಸವೂ ಹೋಗಬಹುದು. ಬಯಲಾಗದಂತೆ ತಿದ್ದುವ ದಾರಿಯೂ ಇತ್ತು: ಒಬ್ಬೊಬ್ಬರು ಬಂದು ಬೀಗ ತೆಗೆದಾಗ, ಅವರಿಗೇ ತಿಳಿಯದಂತೆ ಹೊಸ ಹಿಟ್ಟು ಬೀಸಿ ಹಳೆಯದನ್ನು ಚೆಲ್ಲುವುದು. ಆದರೆ ಎಲ್ಲರೂ ಬಂದು ಮುಗಿಯುವ ತನಕ ಅರ್ಧಂಬರ್ಧ ಬಾಗಿಲು ತೆರೆದೇ ಇರುತ್ತಿತ್ತು. ರಜೆಯಲ್ಲಿರುವವರು ತಿಂಗಳಾದ ಮೇಲೆ ಬರಬಹುದು.

ಮನೆಯಲ್ಲಿ ಗಂಡ ಬಟ್ಟೆ ಕತ್ತರಿಸುತ್ತಲೇ ಕೇಳಿದರು, “ಏನೇ, ಮುಖ ಹಿಂಡಿಕೊಂಡು ಕೂತಿದ್ದೀ?” ಎಲ್ಲ ಕೇಳಿದ ಮೇಲೆ ಕತ್ತರಿ ಕೆಳಗಿಟ್ಟರು. “ಅಳತೆ ತಪ್ಪಿದ ಅಂಗಿ ನಾನೂ ಕೊಟ್ಟಿದೀನಿ. ಗಿರಾಕಿ ಕೈ ಎತ್ತಿ ಹರ್ಕೊಳ್ಳೋ ಮುಂಚೆ ನಾವೇ ಬಿಚ್ಚಿಸ್ಕೋಬೇಕು. ಬೈತಾನೆ, ಬೈಲಿ ಬಿಡು.”

ಮರುದಿನ ಬಾಗಿಲು ತೆಗೆಯುವ ಹೊತ್ತಿಗೇ ಅಕ್ಕ ಮುಖ್ಯ ವೈದ್ಯರ ಮುಂದೆ ನಿಂತಿದ್ದರು.

“ಯಾರು ಮಾಡಿದ ತಪ್ಪು?”

“ನಾನೇ ಸಾರ್.”

“ಈಗ ಏನು ಮಾಡ್ಬೇಕು?”

“ಇವತ್ತೇ ಹಳೇದೆಲ್ಲ ಅಳಿಸ್ಬೇಕು. ಮುನ್ನೂರ ಹನ್ನೆರಡು ಜನರೂ ನನ್ನೆದುರು ಹೊಸದಾಗಿ ಇಡ್ಬೇಕು. ಅಲ್ಲಿವರೆಗೂ ಕಪಾಟಿಗೆ ಕೀಲಿಕೈ ಬೀಗ. ಎಲ್ಲರೂ ಬೈತಾರೆ.”

“ಕರಾರಿನ ವಿಷಯ ಗೊತ್ತಲ್ಲ?”

“ಗೊತ್ತು ಸಾರ್. ಅದು ನಿಮಗೆ ಬಿಟ್ಟದ್ದು. ಇದು ನನಗೆ ಬಿಟ್ಟದ್ದು.”

ವೈದ್ಯರು ಕರಾರಿನ ಕಾಗದವನ್ನು ಹತ್ತಿರಕ್ಕೆಳೆದುಕೊಂಡರಂತೆ. ಆಮೇಲೆ, “ನೀವು ಬರೆದದ್ದನ್ನ ಈ ನಾಲ್ಕು ವರ್ಷ ಯಾರಾದರೂ ಓದಿದ್ದಾರಾ?” ಎಂದರು. ಯಾರೂ ಓದಿರಲಿಲ್ಲ. “ಹಾಗಾದ್ರೆ ತಪ್ಪಿನಲ್ಲಿ ನಮಗೂ ಪಾಲಿದೆ,” ಎಂದು ಕಂಪನಿಯ ಪತ್ರವನ್ನು ಮೇಜಿನ ಖಾನೆಗೆ ಸೇರಿಸಿದರು. ಕರಾರಿಗೆ ಒಂದೇ ಷರತ್ತು: ಇನ್ನು ಮುಂದೆ ಪ್ರತಿ ಸಾಲನ್ನೂ ಇನ್ನೊಬ್ಬರು ಓದಬೇಕು.

ಬೈಗುಳ ಬಿತ್ತು, ಧಾರಾಳವಾಗಿಯೇ. “ಅಕ್ಕಾ, ನಿನ್ನ ಬೀಗಕ್ಕೆ ಅರಳುಮರಳಾ?” ಎಂದವರಿಗೆ, “ಅದಕ್ಕಲ್ಲ, ನನಗೆ,” ಎಂದೇ ಉತ್ತರ. ಇವತ್ತು ಮಕ್ಕಳ ವಾರ್ಡಿನೊಂದಿಗೆ ಮುನ್ನೂರ ಹನ್ನೆರಡು ಜನರದ್ದೂ ಮುಗಿಯುತ್ತದೆ.

ನೆಲಮಾಳಿಗೆಯಲ್ಲಿ ಈಗ ಎರಡನೇ ಕುರ್ಚಿ ಬಂದಿದೆ. ಪಕ್ಕದ ಕಾಲೇಜಿನ ಅಧ್ಯಾಪಕಿಯೊಬ್ಬರು ಗುರುವಾರ ಗುರುವಾರ ಬಂದು ಕೂತು, ಕೆಂಪು ಪೆನ್ನು ಹಿಡಿದು ಸಾಲುಸಾಲು ಓದುತ್ತಾರೆ. ಮೊದಲ ದಿನವೇ ಮೂರು ಕಡೆ ಗೀಟೆಳೆದರು. ಎಳೆದು, ಹಿರಿಯರ ಕೆಲಸಕ್ಕೆ ಮಸಿ ಬಳಿದೆನೇನೋ ಎಂಬಂತೆ ಸಂಕೋಚದಿಂದ ನೋಡಿದರು.

ಅಕ್ಕ ಕಾಗದಗಳ ಕಟ್ಟನ್ನು ಅವರತ್ತ ಇನ್ನಷ್ಟು ಸರಿಸಿದರು. “ನಾಚ್ಕೋಬೇಡಿ ಮೇಡಂ, ಚೆನ್ನಾಗಿ ಹುಡುಕಿ. ಯಾರಾದ್ರೂ ಒಬ್ಬರು ಓದ್ಲಿ ಅಂತ ನಾಲ್ಕು ವರ್ಷ ಕಾದಿದೀನಿ.”