ಮೋಟಾರಿಗೆ ಭಂಡಾರ ಹಚ್ಚಿದ ವೈಜಿನಾಥ

ಮನ್ಮಥಪ್ಪ ವೈಜಿನಾಥನನ್ನು ಮೊದಲ ಸಲ ಕಂಡದ್ದು ೧೯೫೪ರ ಶ್ರಾವಣದ ಒಂದು ಮಧ್ಯಾಹ್ನ, ನಿಲಂಗಾ ದಾಟಿ ಉದಗೀರದ ದಾರಿ ಹಿಡಿದ ಎರಡನೇ ಮೈಲಿಯಲ್ಲಿ. ಜಾಲಿಯ ನೆರಳಿನಲ್ಲಿ ಕುರಿಗಳು ನಿಂತಿದ್ದವು. ಅವುಗಳ ಮುಂದೆ ಬಡಿಗೆಗೆ ಗದ್ದ ಊರಿಕೊಂಡು ಒಬ್ಬ ಎತ್ತರದ ಮನುಷ್ಯ. ಹೆಗಲ ಮೇಲೆ ಕರಿ ಕಂಬಳಿ, ನಡುವಿಗೆ ಬೀರಪ್ಪನ ಭಂಡಾರದ, ಅಂದರೆ ಅರಿಶಿಣ ಪುಡಿಯ ಚೀಲ, ಅದರ ಪಕ್ಕದಲ್ಲೇ ಸಿಕ್ಕಿಸಿದ, ಬೋಲ್ಟು ತಿರುವುವ ಕಬ್ಬಿಣದ ಪಾನಾ. ಕುರುಬನ ನಡುವಿನಲ್ಲಿ ಪಾನಾ ಏಕೆ ಎಂದು ಯೋಚಿಸುವಷ್ಟು ಪುರುಸೊತ್ತು ಮನ್ಮಥಪ್ಪನಿಗೆ ಇರಲಿಲ್ಲ. ಅವನ ಹಳೆಯ ಮೋಟಾರಿನ ಕಾಲಡಿಯ ಹಲಗೆಯ ಸಂದಿನಿಂದ ಹೊಗೆ ಏಳುತ್ತಿತ್ತು.

ಹಿಂದಿನ ಸೀಟಿನಲ್ಲಿ ಹೆಂಡತಿ ಪ್ರಯಾಗಬಾಯಿ ಹೆರಿಗೆ ನೋವು ತಿನ್ನುತ್ತಿದ್ದಳು. ಕೂಸು ಅಡ್ಡ ಇದೆ, ಉದಗೀರದ ದವಾಖಾನೆಗೆ ಒಯ್ಯದಿದ್ದರೆ ತಾಯಿಯೂ ಉಳಿಯುವುದಿಲ್ಲ ಎಂದು ಉಮರ್ಗಾದ ಸೂಲಗಿತ್ತಿ ಹೇಳಿದ್ದಳು. ಇನ್ನೂ ಇಪ್ಪತ್ತೆಂಟು ಮೈಲಿ ಇತ್ತು.

ಮನ್ಮಥಪ್ಪ ಇಳಿದು ಬಾನೆಟ್ಟು ಎತ್ತಿದ. ಎಂಜಿನ್ನಿನ ಪಕ್ಕದ ಮುಚ್ಚಳದಿಂದ ಎಣ್ಣೆ ಇಳಿದು, ಕೆಂಪಗೆ ಕಾದ ಹೊಗೆ ಕೊಳವೆಯ ಮೇಲೆ ಬಿದ್ದು ಚುರ್ರೆನ್ನುತ್ತಿತ್ತು. ಅಲ್ಲಿ ಬೆಂಕಿ ಹೊತ್ತಿದರೆ ಪ್ರಯಾಗಬಾಯಿಯನ್ನು ಎಳೆದು ತೆಗೆಯುವುದು ಹೇಗೆ?

"ಎಷ್ಟು ದಿನ ಆಯ್ತ್ರಿ ಸೋರ್ಲಿಕ್ಕತ್ತಿ?" ಕುರುಬ ಹತ್ತಿರ ಬಂದು ಕೇಳಿದ.

"ತಿಂಗಳಾಯ್ತು. ಬೋಲ್ಟು ಬಿಗಿ ಮಾಡಿದಷ್ಟೂ ಹೆಚ್ಚಿಗಿ ಸೋರ್ತದ. ನಿನಗೇನು ತಿಳೀತದ?"

"ನಿಜಾಮರ ಕಡಿ ಒಬ್ಬ ಸಾಹೇಬರ ಮೋಟಾರ ತೊಳೀತಿದ್ದೆ. ಪೊಲೀಸ್ ಆ್ಯಕ್ಷನ್ ಆದ ಮ್ಯಾಲ ಸಾಹೇಬ್ರು ಹೋದ್ರು, ಮೋಟಾರ ಉಳೀತು. ನಾಕು ಸಲ ಬಿಚ್ಚಿ ಜೋಡಿಸೀನಿ." ಅವನು ಹಿಂದೆ ತಿರುಗಿದ. "ಬಾಳಮ್ಮಾ, ಕುರಿ ನೋಡ್ಕೋ."

"ಮೋಟಾರ ಕಂಡ್ರ ಸಾಕು, ಕುರಿ ನಿಂಗ ಸವತಿ ಮಕ್ಕಳು," ಎಂದಳು ಅವನ ಹೆಂಡತಿ.

ವೈಜಿನಾಥ ಚಿಂದಿಯಿಂದ ಎಂಜಿನ್ ಒರೆಸಿದ. ತುಸು ಆರಿದ ಮೇಲೆ ಚೀಲದಿಂದ ಭಂಡಾರ ತೆಗೆದು ಜೋಡಣೆಯ ಒಂದೊಂದು ಗೆರೆಗೂ ಉದುರಿಸಿದ. ಸೀಟಿನಲ್ಲಿ ಮಗಳ ತಲೆ ಹಿಡಿದು ಕೂತಿದ್ದ ಮನ್ಮಥಪ್ಪನ ಅತ್ತೆ ರಂಭಾಬಾಯಿ ಕಿಟಕಿಯಿಂದ ಹಣಿಕಿದಳು.

"ಇಲ್ಲಿ ನನ್ನ ಮಗಳ ಜೀವ ಹೋಗ್ಲಿಕ್ಕತ್ತದ, ನೀ ಮೋಟಾರಕ್ಕ ಅರಿಶಿಣ ಹಚ್ಚಲಿಕ್ಕತ್ತೀ? ಅದರ ಲಗ್ನ ಏನಪ್ಪಾ?"

"ಎಣ್ಣಿ ಹೊಂಟ ಜಾಗಾ ಅರಿಶಿಣದಾಗ ಕರ್ರಗ ಕಾಣ್ತದ ಯವ್ವಾ." ಅವನು ಮನ್ಮಥಪ್ಪನ ಕಡೆ ತಿರುಗಿದ. "ಚಾಲೂ ಮಾಡ್ರಿ."

ಎಂಜಿನ್ ನಡುಗಿತು. ಹಳದಿಯ ಮೇಲೆ ಕರಿ ಗೆರೆ ಮೂಡಿತು. ಒಂದಲ್ಲ, ಮೇಲೆ, ಪಕ್ಕಕ್ಕೆ, ಹಿಂದೆ, ಎಲ್ಲ ಕಡೆ ಒಮ್ಮೆಲೇ. ಇನ್ನು ಮುಗಿಯಿತು ಎಂದುಕೊಂಡ ಮನ್ಮಥಪ್ಪ.

"ಒಂದ್ ಕಡಿ ಸೋರಿದ್ರ ಸಂದಿನ ಪ್ಯಾಕಿಂಗ್ ಪಟ್ಟಿ ಹೋಗ್ಯಾದ ಅಂತಿದ್ದೆ," ವೈಜಿನಾಥ ನಿಧಾನವಾಗಿ ಹೇಳಿದ. "ಎಲ್ಲಾ ಕಡಿ ಅಂದ್ರ ಒಳಗ ಉಸಿರು ಕಟ್ಟ್ಯಾದ. ಇದರ ಉಸಿರಿನ ಕೊಳವಿ ಎಲ್ಲಿ?"

ಮನ್ಮಥಪ್ಪ ಬೆರಳು ಮಾಡಿ ತೋರಿಸಿದ. ಕೊಳವೆಯ ಬಾಯಿಗೆ ಧೋತರದ ತುಂಡು ತುರುಕಿ, ಮೇಲೆ ಸಗಣಿ ಮಣ್ಣು ಮೆತ್ತಿತ್ತು. ಬೇಸಿಗೆಯ ಧೂಳು ಎಂಜಿನ್ನಿಗೆ ಹೋಗದಿರಲೆಂದು, ತನ್ನೂರು ದಾಳಿಂಬದ ಮನೆಯಲ್ಲಿ ಜೋಳ ತುಂಬಿದ ನೆಲದ ಹಗೇವಿನ ಬಾಯಿ ಮುಚ್ಚುವ ಹಾಗೆ, ಅವನೇ ಮುಚ್ಚಿದ್ದ. ಮಣ್ಣು ಕಾದು ಇಟ್ಟಂಗಿಯಾಗಿತ್ತು.

"ಇದು ಜ್ವಾಳ ಅಲ್ರೀ. ಉಸಿರು ಹೊರಗ ಹೋಗ್ಲಿಕ್ಕಿ ಹಾದಿ ಇಲ್ಲಂದ್ರ ಎಣ್ಣೀನ ದೂಡ್ತದ."

ಹೆಂಡತಿಯ ಸಾವಿಗೆ ತಾನೇ ಬಾಗಿಲು ತೆರೆದೆನೆಂಬ ಅಂಜಿಕೆಯಲ್ಲಿ ಮನ್ಮಥಪ್ಪ ರಸ್ತೆಯಲ್ಲೇ ಕುಕ್ಕರಿಸಿದ. ವೈಜಿನಾಥ ಪಾನಾದ ತುದಿಯಿಂದ ಮಣ್ಣು ಒಡೆದು ಬಟ್ಟೆ ಎಳೆದ. ಕೊಳವೆ ಒಮ್ಮೆ ಬುಸ್ಸೆಂದಿತು. ಬಿಗಿ ಮಾಡಿ ಮಾಡಿ ಹರಿದುಹೋಗಿದ್ದ ಪಕ್ಕದ ಮುಚ್ಚಳದ ಪ್ಯಾಕಿಂಗ್ ತೆಗೆದು, ತನ್ನ ಕಂಬಳಿಯ ಅಂಚು ಕತ್ತರಿಸಿ ಸಾಬೂನು ತಿಕ್ಕಿ ಕೂಡಿಸಿದ. ಮೋಟಾರಿನಲ್ಲಿ ಇಟ್ಟಿದ್ದ ಡಬ್ಬಿಯ ಎಣ್ಣೆಯನ್ನೆಲ್ಲ ಸುರಿದರೂ ಅಳೆಯುವ ಕಡ್ಡಿಯ ಅರ್ಧಕ್ಕಷ್ಟೇ ಬಂತು.

"ನಾನೂ ಬರ್ತೀನಿ. ಸಾವಕಾಶ ಹೊಡೀರಿ."

ಐದೈದು ಮೈಲಿಗೆ ಅವನು ಇಳಿದು ಕಡ್ಡಿ ಎತ್ತಿ ನೋಡಿದ. ಮೊದಲ ಸಲ ಹೊಗೆ ಇನ್ನೂ ಇತ್ತು. ಹಳೆ ಎಣ್ಣೆ ಸುಡ್ತದ, ಅಂಜಬ್ಯಾಡ್ರಿ ಎಂದ. ಆದರೆ ಅವನ ದನಿಯೂ ಗಟ್ಟಿ ಇರಲಿಲ್ಲ. ಮೂರನೆಯ ಸಲ ಕಡ್ಡಿಯ ಗುರುತು ಇಳಿದಿರಲಿಲ್ಲ. ಅಷ್ಟರಲ್ಲಿ ಪ್ರಯಾಗಬಾಯಿ ನರಳುವುದನ್ನು ನಿಲ್ಲಿಸಿದ್ದಳು. ಆ ಸುಮ್ಮನಿರುವಿಕೆ ಮನ್ಮಥಪ್ಪನಿಗೆ ಹೊಗೆಗಿಂತ ಹೆಚ್ಚು ಹೆದರಿಕೆ ತಂದಿತು. ಹಿಂದೆ ತಿರುಗಿ ನೋಡಲು ಅವನಿಗೆ ಧೈರ್ಯವಾಗಲಿಲ್ಲ.

"ಉಸಿರಾಡ್ಲಿಕ್ಕತ್ತಾಳ, ನೀ ಮುಂದ ನೋಡು," ಎಂದಳು ರಂಭಾಬಾಯಿ.

ಹೊತ್ತು ಮುಳುಗುವ ಮೊದಲು ಉದಗೀರದ ದವಾಖಾನೆ ಮುಟ್ಟಿದರು. ಕೂಸು ಉಳಿಯಲಿಲ್ಲ. ಪ್ರಯಾಗಬಾಯಿ ಎರಡು ದಿನ ಜ್ವರದಲ್ಲಿದ್ದು, ಮೂರನೆಯ ದಿನ ಕಣ್ಣು ತೆರೆದು ನೀರು ಕೇಳಿದಳು. ಅಷ್ಟೂ ದಿನ ವೈಜಿನಾಥ ದವಾಖಾನೆಯ ಹೊರಗೆ, ಮೋಟಾರಿನ ಪಕ್ಕದಲ್ಲೇ ಇದ್ದ. ಅದರ ಎಣ್ಣೆ ಸೋರುವುದು ನಿಂತದ್ದನ್ನು ನೋಡಿದ ಲಾರಿಯವರು ತಮ್ಮ ಎಂಜಿನ್ ತೋರಿಸಲು ಬಂದರು.

ಆಮೇಲೆ ಅವನು ಕುರಿ ಕಾಯಲು ಮರಳಲಿಲ್ಲ; ಕುರಿಗಳನ್ನು ಬಾಳಮ್ಮನ ತಮ್ಮ ನೋಡಿಕೊಳ್ಳುತ್ತಾನೆ. ವೈಜಿನಾಥ ಈಗ ಉದಗೀರದ ಧಾನ್ಯದ ಪೇಟೆಯ ಹಿಂದೆ ತಗಡಿನ ಚಪ್ಪರದಲ್ಲಿ ಲಾರಿ, ಜೀಪುಗಳ ಎಂಜಿನ್ ಬಿಚ್ಚಿ, ಎಣ್ಣೆ ಸೋರುವುದನ್ನು ನಿಲ್ಲಿಸುವ ಕೆಲಸ ಮಾಡುತ್ತಾನೆ.