ಸಾಹೇಬರಿಗೆ ಕೊಟ್ಟ ಸೀಟು

ಹೋದ ವರ್ಷ ನಾನು ಪಾರಿಶ್ವಾಡದಿಂದ ಖಾನಾಪುರಕ್ಕೆ ಬೆಳಗಿನ ಬಸ್ಸಿನಲ್ಲಿ ಕುಳಿತು ಬಂದೆ. ಹೌದು, ಕುಳಿತು! ಆ ದಾರಿಯಲ್ಲಿ ಓಡಾಡುವ ಯಾರೂ ಇದನ್ನು ನಂಬುವುದಿಲ್ಲ. (ನನ್ನ ಹೆಂಡತಿಯೇ ನಂಬಿಲ್ಲ.)

ಬೆಳಿಗ್ಗೆ ಇದ್ದದ್ದು ಅದೊಂದೇ ಬಸ್. ಕಾಲೇಜಿನ ಹುಡುಗಿಯರು, ಹಾಲಿನ ಕ್ಯಾನುಗಳು, ಕೋರ್ಟಿಗೆ ಹೋಗುವವರು, ಎಲ್ಲ ಅದರಲ್ಲೇ. ಅರ್ಧ ಊರು ಬಾಗಿಲಿಗೆ ಜೋತುಬಿದ್ದು ಹೋಗುತ್ತಿತ್ತು. ಇನ್ನೊಂದು ಬಸ್ ಕೊಡಿ ಎಂದು ಊರವರು ಸಾರಿಗೆ ಆಫೀಸಿನಲ್ಲಿ ಕೇಳಿಕೊಂಡರು. ಜನರ ಗರ್ದಿ ಎಷ್ಟಿದೆ, ನಾನೇ ಕುಳಿತು ನೋಡುತ್ತೇನೆ ಎಂದು ಮೇಲಿನ ಸಾಹೇಬರೊಬ್ಬರು ಜೀಪಿನಲ್ಲಿ ಬಂದಿಳಿದರು. ನಾನು ಗೆಳೆಯ ಬಶೀರಸಾಬರ ಮನೆಗೆ ಹೋದವನು ಅದೇ ಬಸ್ಸಿಗೆ ಖಾನಾಪುರದ ಮೇಲೆ ಬೆಳಗಾವಿಗೆ ಹೊರಟಿದ್ದೆ.

ಸ್ಟ್ಯಾಂಡಿಗೆ ಬಂದು ನೋಡಿದರೆ ಊರಿಗೆ ಊರೇ ಕೆಳಗೆ ನಿಂತಿದೆ, ಬಸ್ ಖಾಲಿ! ಊರ ಗೌಡರು ಯಾರನ್ನೂ ಹತ್ತಲು ಬಿಡುತ್ತಿಲ್ಲ.

"ಇವತ್ತೊಂದಿನ ಎಲ್ಲಾರೂ ಟೆಂಪೋದಾಗ ಹೋಗ್ರಿ. ಸಾಹೇಬ್ರು ಆರಾಮ ಕುಂದರ್ಲಿ."

"ಗೌಡ್ರ, ಅವ್ರು ಗರ್ದಿ ನೋಡಾಕ ಬಂದಾರ್ರಿ!" ಎಂದೆ.

"ಹಂಗಂತ ನಮ್ಮೂರಿಗೆ ಬಂದವ್ರನ್ನ ನಿಂದರ್ಸಿ ಕಳಸೂದೇನ್ರಿ? ಊರಿನ ಮರ್ಯಾದಿ ಏನಾಗಬೇಕು?"

"ಖರೇ ಐತ್ರಿ," ಎಂದು ಬಶೀರಸಾಬರೂ ತಲೆಯಾಡಿಸಿದರು. ಅವರ ಮಗಳು ನೂರಜಹಾನ್ ಖಾನಾಪುರದಲ್ಲಿ ಪಿಯುಸಿ ಓದುತ್ತಿದ್ದಳು. ಪುಸ್ತಕ ಎದೆಗವುಚಿಕೊಂಡು ಮನೆಗೆ ವಾಪಸು ಹೋದಳು. ಪೇಟೆಯ ಅತಿಥಿ ಎಂದು ನನ್ನೊಬ್ಬನನ್ನು ಸಾಹೇಬರ ಬಾಜು ಕೂರಿಸಿದರು.

ದಾರಿಯುದ್ದಕ್ಕೂ ಬಾಯಿ ಬಡಿದುಕೊಂಡೆ. ಸರ್, ಊರವರೆಲ್ಲ ನಿಮಗಾಗಿ ಬಸ್ ಹತ್ತದೆ ನಿಂತವರು, ನಾಳೆ ಹೇಳದೆ ಕೇಳದೆ ಬಂದು ನೋಡಿ ಎಂದೆ.

"ನಾ ಕಣ್ಣಿಲೆ ನೋಡಿದ್ದನ್ನ ಬರೀತೇನ್ರಿ," ಎಂದರು ಸಾಹೇಬರು. ಅಷ್ಟೂ ಸೀಟು ಖಾಲಿ ಇರುವಾಗ ನನ್ನ ಮಾತು ಯಾರು ಕೇಳಬೇಕು?

ಎರಡನೆಯ ಬಸ್ ಬರಲಿಲ್ಲ. ಇದ್ದ ಒಂದನ್ನೂ ನಿಲ್ಲಿಸಿದರು. ಈಗ ಟೆಂಪೋದವರು ಕುರಿ ತುಂಬಿದ ಹಾಗೆ ಮಂದಿ ತುಂಬುತ್ತಾರೆ. ಆ ಕಡೆಯ ಜನ ಬಸ್ ಹತ್ತುವುದನ್ನೇ ಬಿಟ್ಟಿದ್ದಾರೆ ಎಂದು ಆಫೀಸಿನವರು ಹೇಳುತ್ತಾರೆ. ಇಲ್ಲದ ಬಸ್ಸನ್ನು ಹತ್ತುವುದು ಹೇಗೆ ಸ್ವಾಮಿ, ನೀವೇ ಹೇಳಿ! ಇನ್ನೊಮ್ಮೆ ಕೇಳೋಣ ಎಂದರೆ ಊರಲ್ಲಿ ಯಾರೂ ಮೇಲೇಳುವುದಿಲ್ಲ. ನನಗೂ ಸಾಕಾಗಿದೆ.

ಕಳೆದ ವಾರ ಟೆಂಪೋದ ಹಿಂದೆ ಜೋತಾಡುತ್ತ ಬಶೀರಸಾಬರ ಮನೆಗೆ ಹೋದೆ. ನೂರಜಹಾನ್ ಕಾಲೇಜು ಬಿಟ್ಟಿದ್ದಾಳೆ.

"ಟೆಂಪೋದಾಗ ಇಷ್ಟ ಗಂಡಸರ ನಡುವ ಹೆಣ್ಮಗಳನ್ನ ಹ್ಯಾಂಗ ಕಳಸೂದ್ರಿ?" ಎಂದರು ಬಶೀರಸಾಬರು. ಯಾರ ಮೇಲೆ ಸಿಟ್ಟು ಮಾಡಬೇಕು ಎಂದು ನನಗೆ ಗೊತ್ತಾಗಲಿಲ್ಲ.

ನೂರಜಹಾನ್ ಚಹಾ ತಂದಿಟ್ಟಳು. ಹೋಗದೆ ಅಲ್ಲೇ ನಿಂತು ಕೇಳಿದಳು:

"ಕಾಕಾ, ಸಾಹೇಬ್ರಿಗಾದ್ರೂ ಅವತ್ತ ಕುಂದರಾಕ ಆರಾಮ ಆಗಿತ್ತೇನ್ರಿ?"