ಐದು ಕೂಸು ಕೂಡದ ಗುರುವಾರ

೧೯೮೭ರ ಮಾರ್ಚ್ ತಿಂಗಳ ಎರಡನೆಯ ಗುರುವಾರ, ಬೆಳಿಗ್ಗೆ ಹನ್ನೊಂದೂವರೆಯ ಹೊತ್ತಿಗೆ ನಾನು ಇಳಕಲ್ಲಿನ ಹೊರಗೆ, ಕಲ್ಲುಗಣಿ ಕೆಲಸಗಾರರ ಗುಡಿಸಲುಗಳ ನಡುವಿನ ಅಂಗನವಾಡಿಯ ಬಾಗಿಲಲ್ಲಿ ನಿಂತಿದ್ದೆ. ಆಗ ನಾನು ಹುನಗುಂದ ತಾಲ್ಲೂಕಿನಲ್ಲಿ ಆರೋಗ್ಯ ನಿರೀಕ್ಷಕ. ಸೂಜಿ ಹಾಕುವವರು ನರ್ಸ್ ಸುಶೀಲಾ. ಲಸಿಕೆಯ ಸೀಸೆ ತೆರೆಯಬೇಕೋ ಬೇಡವೋ ಎಂದು ಹೇಳುವವನು ನಾನು.

ಹಿಂದಿನ ತಿಂಗಳು ಹುನಗುಂದದಲ್ಲಿ ಜಂಟಿ ಸಭೆ ನಡೆದಿತ್ತು. ಮಕ್ಕಳ ಊಟ, ಆಟ, ಅಕ್ಷರ ಅಂಗನವಾಡಿ ಇಲಾಖೆಯದು; ಲಸಿಕೆ ನಮ್ಮ ಇಲಾಖೆಯದು. ಉಪ್ಪಿಟ್ಟಿಗೆ ಬರುವ ಹುಡುಗಿಯರು ತಮ್ಮ ತಂಗಿ ತಮ್ಮಂದಿರನ್ನು ಸೊಂಟದ ಮೇಲೆ ಹೊತ್ತು ತರುತ್ತಾರೆ, ಆದ್ದರಿಂದ ಉಪ್ಪಿಟ್ಟು ಇದ್ದ ದಿನವೇ ಲಸಿಕೆಯೂ ಇರಲಿ ಎಂದು ಎಲ್ಲರೂ ಸಹಿ ಹಾಕಿದೆವು. ನಾವು ಹೋದ ವಾರ ಉಪ್ಪಿಟ್ಟಿನ ಗೋಧಿ ರವೆ ಮುಗಿದಿತ್ತು. ಹೊಸ ಮೂಟೆ ಶನಿವಾರ ಬರುತ್ತದೆಂದು ಅಂಗನವಾಡಿ ಇಲಾಖೆಯ ಕಚೇರಿಗೆ ಗೊತ್ತಿತ್ತು. ನಮಗೆ ಅವರು ಹೇಳಲಿಲ್ಲ. ನಾವೂ ಕೇಳಲಿಲ್ಲ.

ಒಲೆ ತಣ್ಣಗಿತ್ತು. ಅಂಗನವಾಡಿ ಕಾರ್ಯಕರ್ತೆ ಶಾಂತಕ್ಕ ಎರಡು ಸಲ ಗುಡಿಸಲುಗಳನ್ನು ಸುತ್ತಿ ಬಂದು ಗೋಡೆಗೆ ಒರಗಿದಳು.

"ಉಪ್ಪಿಟ್ಟಿನ ವಾಸನಿ ಬಂದ್ರ ಕರೀದನ ಓಡಿ ಬರ್ತಾವ್ರಿ ಸಾಹೇಬ್ರ. ಸೂಜಿ ವಾಸನಿಗೆ ಯಾರ ಬರ್ತಾರ?"

ಬಂದಿದ್ದದ್ದು ಒಂದೇ ಕೂಸು. ಕಲ್ಲು ಒಡೆಯುವ ಯಲ್ಲವ್ವ ಅರ್ಧ ದಿನದ ಕೆಲಸ ಬಿಟ್ಟು ತನ್ನ ಹತ್ತು ತಿಂಗಳ ಮಗಳನ್ನು ಎತ್ತಿಕೊಂಡು ಬಂದಿದ್ದಳು.

ದಡಾರದ ಲಸಿಕೆ ಪುಡಿಯ ರೂಪದಲ್ಲಿರುತ್ತದೆ. ಒಂದು ಸೀಸೆ ಐದು ಮಕ್ಕಳಿಗೆ. ನೀರು ಬೆರೆಸಿದ ಮೇಲೆ ಕೆಲವೇ ಗಂಟೆಗಳಲ್ಲಿ ಬಳಸಬೇಕು, ಉಳಿದದ್ದನ್ನು ಚೆಲ್ಲಬೇಕು. ಹಾಗೆ ಚೆಲ್ಲಿದ್ದಕ್ಕೆ ಜನವರಿಯಲ್ಲಿ ನನ್ನಿಂದ ಲಿಖಿತ ವಿವರಣೆ ಕೇಳಿದ್ದರು. ಒಂದೂವರೆ ಗಂಟೆ ಕಾದೆವು. ಮತ್ತೆ ಯಾರೂ ಬರಲಿಲ್ಲ.

"ತೆರೀಲೇನ್ರಿ ಸರ?" ಎಂದು ಸುಶೀಲಾ ಸಿಸ್ಟರ್ ಕೇಳಿದರು.

"ಬ್ಯಾಡ" ಎಂದೆ. ಯಲ್ಲವ್ವನಿಗೆ, "ಮುಂದಿನ ತಿಂಗಳು ಬಾರವ್ವ, ಎಲ್ಲಾರೂ ಕೂಡಿದಾಗ ಹಾಕ್ತೇವಿ" ಎಂದೆ.

ಅವಳು ಮಗುವನ್ನು ಇನ್ನೊಂದು ಬಗಲಿಗೆ ಹಾಕಿಕೊಂಡಳು. "ಛಲೋ ಐತ್ರಿ ನಿಮ್ಮ ಲೆಕ್ಕ. ಬಂದ ಕೂಸಿಗೆ ಇಲ್ಲ, ಬರಲಾರದವ್ರ ಸಲುವಾಗಿ ಕಾಯ್ದಿಡ್ತೀರಿ."

ಶಾಂತಕ್ಕ ತಲೆ ತಗ್ಗಿಸಿದಳು. ನಾನು ಲಸಿಕೆ ಇಟ್ಟಿದ್ದ ಮಂಜುಗಡ್ಡೆಯ ಡಬ್ಬಿ ಮುಚ್ಚಿಸಿದೆ. ಸಂಜೆ ವರದಿಯಲ್ಲಿ "ವ್ಯರ್ಥವಾದ ಲಸಿಕೆ: ಇಲ್ಲ" ಎಂದು ನನ್ನ ಕೈಯಿಂದಲೇ ಬರೆದೆ.

ಏಪ್ರಿಲ್ ಮೊದಲ ವಾರ ಆ ಗುಡಿಸಲುಗಳಲ್ಲಿ ದಡಾರ ಎದ್ದಿತು. ಸುದ್ದಿ ತಿಳಿದು ನಾವು ಹೋದಾಗ ಯಲ್ಲವ್ವನ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿತ್ತು. ಉಸಿರೆಳೆದಾಗಲೆಲ್ಲ ಮಗುವಿನ ಪಕ್ಕೆ ಒಳಗೆ ಸೇದುತ್ತಿತ್ತು. ಅದು ನ್ಯುಮೋನಿಯಾ ಎಂದು ಸಿಸ್ಟರ್ ನೋಡಿದೊಡನೆ ಹೇಳಿದರು. ನಮ್ಮ ಜೀಪಿನಲ್ಲೇ ಇಳಕಲ್ಲಿನ ದವಾಖಾನೆಗೆ ಕರೆದೊಯ್ದೆವು. ಮರುದಿನ ಮಧ್ಯಾಹ್ನ ಮಗು ತೀರಿಕೊಂಡಿತು. ಅದರ ಹೆಸರು ಗಂಗವ್ವ. ಯಲ್ಲವ್ವ ನನ್ನನ್ನು ಬಯ್ಯಲಿಲ್ಲ. "ಅವತ್ತ ಹಾಕಿದ್ರ ಉಳೀತಿತ್ತೇನ್ರಿ?" ಎಂದು ಕೇಳಿದಳು.

"ಬಹುಶಃ ಉಳೀತಿತ್ತು" ಎಂದೆ. ಸುಳ್ಳು ಹೇಳುವ ಧೈರ್ಯ ಬರಲಿಲ್ಲ.

ಮುಂದಿನ ಜಂಟಿ ಸಭೆಯಲ್ಲಿ ಈ ಸಾವಿನ ಮಾತು ಎತ್ತಿದೆ. ಅಂಗನವಾಡಿ ಇಲಾಖೆಯವರು ನಮ್ಮ ದಿನಾಂಕ ತಪ್ಪೆಂದರು, ನಮ್ಮವರು ಅವರ ರವೆ ತಪ್ಪೆಂದರು. ಕೊನೆಗೆ ಮತ್ತೊಮ್ಮೆ ಅದೇ ನಿರ್ಣಯಕ್ಕೆ ಸಹಿಯಾಯಿತು. ನನ್ನ ಸಹಿಯೂ ಇದೆ.

ಆಮೇಲೆ ನಿವೃತ್ತಿಯಾಗುವವರೆಗೂ ಒಂದೇ ಕೂಸು ಬಂದರೂ ಸೀಸೆ ತೆರೆಸಿದೆ. ಎರಡು ಸಲ ನೋಟಿಸು ಬಂತು, ಅಷ್ಟೇ. ಇಷ್ಟೇ ಸುಲಭವಾಗಿತ್ತು ಎಂಬುದು ನನ್ನ ಕೆಲಸ ನನಗೆ ಕಲಿಸಿದ್ದು. ಗಂಗವ್ವನಿಗೆ ಅದರಿಂದ ಏನೂ ಆಗಲಿಲ್ಲ.

ಸುಶೀಲಾ ಸಿಸ್ಟರ್ ಈಗಿಲ್ಲ. ಶಾಂತಕ್ಕ ಬಾದಾಮಿಯಲ್ಲಿ ಮಗಳ ಮನೆಯಲ್ಲಿದ್ದಾಳೆ. ಕಣ್ಣು ಮಂಜಾಗಿದೆ, ನೆನಪು ಚೆನ್ನಾಗಿದೆ. ಯಲ್ಲವ್ವ ಇಳಕಲ್ಲಿನಲ್ಲೇ ಇದ್ದಾಳೆ. ನಾನು ಬರೆದದ್ದರಲ್ಲಿ ತಪ್ಪಿದ್ದರೆ ಈ ಇಬ್ಬರೂ ಹೇಳಬಲ್ಲರು.